ಇಪ್ಪತ್ತೈದು ಎಕರೆಯಲ್ಲಿ ಅರವತ್ತು ಎಕರೆ ಕ್ರಿಕೆಟ್

ಮುಂಬೈಯ ಸಿಎಸ್‌ಎಂಟಿ ನಿಲ್ದಾಣದಿಂದ ಹೊರಬಿದ್ದು ರಸ್ತೆ ದಾಟಿದರೆ ಆಜಾದ್ ಮೈದಾನ. ವಿಸ್ತಾರ ಸುಮಾರು 25 ಎಕರೆ, ಪಿಚ್‌ಗಳು 22. ಊರಿಂದ ಬಂದ ನೆಂಟರಿಗೆ ಈ ಸಂಖ್ಯೆಗಳನ್ನು ಹೇಳಿದರೆ "ಹೌದಾ!" ಎನ್ನುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ, ಮುಂದೆ ನಡೆಯುತ್ತಾರೆ. ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡಿದರೆ ಮಾತ್ರ ಕಾಲು ಅಲ್ಲೇ ನಿಲ್ಲುತ್ತದೆ.

ಪುರುಷರ ಅಂತರರಾಷ್ಟ್ರೀಯ ಪಂದ್ಯಕ್ಕೆ ಬೌಂಡರಿ ಕನಿಷ್ಠ 65 ಗಜ ದೂರವಿರಬೇಕು. ಅಷ್ಟು ತ್ರಿಜ್ಯದ ವೃತ್ತ ಎಳೆದರೆ ಸುಮಾರು 11,100 ಚದರ ಮೀಟರ್, ಅಂದರೆ ಎರಡೂ ಮುಕ್ಕಾಲು ಎಕರೆ. ಇಂಥ 22 ವೃತ್ತಗಳಿಗೆ 60 ಎಕರೆ ಬೇಕು. ಇರುವುದು 25. ಆರು ಗಜದ ಸೀರೆಯನ್ನು ಮಡಿಸಿ ಸಣ್ಣ ಟ್ರಂಕಿನಲ್ಲಿಟ್ಟ ಹಾಗೆ, 60 ಎಕರೆಯ ಕ್ರಿಕೆಟ್ಟನ್ನು ಮುಂಬೈ 25 ಎಕರೆಯಲ್ಲಿ ಮಡಿಸಿಟ್ಟಿದೆ. ಒಂದು ಪಂದ್ಯದ ಡೀಪ್ ಮಿಡ್‌ವಿಕೆಟ್ ಇನ್ನೊಂದು ಪಂದ್ಯದ ಸ್ಲಿಪ್ ಪಕ್ಕದಲ್ಲಿ ನಿಂತಿರುತ್ತಾನೆ. ಮೂರನೆಯದರ ಅಂಪೈರ್ ಇಬ್ಬರಿಗೂ ಬೆನ್ನು ಹಾಕಿರುತ್ತಾನೆ.

ಈಗ ಚೆಂಡುಗಳನ್ನು ಎಣಿಸೋಣ. ಗಂಟೆಗೆ 15 ಓವರ್ ಎಂದರೆ 90 ಎಸೆತ. ಎಲ್ಲ 22 ಪಿಚ್‌ಗಳಲ್ಲೂ ಆಟ ನಡೆದ ದಿನ ಗಂಟೆಗೆ 1,980 ಎಸೆತ. ಎರಡು ಸೆಕೆಂಡಿಗೂ ಕಡಿಮೆ ಅವಧಿಗೆ ಒಂದು ಚೆಂಡು ಯಾರದೋ ಕೈಯಿಂದ ಹೊರಡುತ್ತದೆ. ಆರು ಗಂಟೆ ಆಟವಾದರೆ ಹೆಚ್ಚುಕಡಿಮೆ 12,000. ಒಬ್ಬ ಫೀಲ್ಡರ್ ತನ್ನ ಪಂದ್ಯದ ಎರಡು ಎಸೆತಗಳ ನಡುವೆ ಬೆವರು ಒರೆಸಿಕೊಳ್ಳುವ 40 ಸೆಕೆಂಡಿನಲ್ಲಿ ಅವನ ಸುತ್ತಮುತ್ತ ಇನ್ನೂ 21 ಚೆಂಡುಗಳು ಎಸೆಯಲ್ಪಟ್ಟಿರುತ್ತವೆ. ಅವನು ನೋಡುತ್ತಿರುವುದು ಒಂದನ್ನು.

ಆಟಗಾರ ಮುಖಕ್ಕೆ ಜಾಲರಿ ಹಾಕಬೇಕೇ ಬೇಡವೇ ಎಂಬ ವಾದ ಮುಂಬೈಗೆ ಬಂದಾಗ ಈ ಲೆಕ್ಕದಿಂದಲೇ ಶುರುವಾಗಬೇಕು. ಅಮೆರಿಕದಲ್ಲಿ ಈ ವಾದ ಹೆಚ್ಚಾಗಿ ಕೇಳಿಸುವುದು ಸಾಫ್ಟ್‌ಬಾಲ್ ಅಂಗಳದಲ್ಲಿ. 1887ರಲ್ಲಿ ಶಿಕಾಗೊದ ಒಂದು ಕ್ಲಬ್ಬಿನೊಳಗೆ, ಬಾಕ್ಸಿಂಗ್ ಗ್ಲೌಸನ್ನೇ ಮುದುರಿ ಕಟ್ಟಿ ಚೆಂಡು ಮಾಡಿಕೊಂಡು ಶುರುವಾದ ಆಟ ಅದು. ಇವತ್ತಿನ ಸಾಫ್ಟ್‌ಬಾಲ್ 178ರಿಂದ 198 ಗ್ರಾಂ ತೂಗುತ್ತದೆ. ನಮ್ಮ ಸೀಸನ್ ಬಾಲ್ 156ರಿಂದ 163 ಗ್ರಾಂ. ಮಹಿಳೆಯರ ಆಟದಲ್ಲಿ ಪಿಚರ್ ನಿಲ್ಲುವುದು 43 ಅಡಿ, ಅಂದರೆ 13.1 ಮೀಟರ್ ದೂರದಲ್ಲಿ. ಎಸೆದು ಮುಂದೆ ಬಂದು ನಿಲ್ಲುವಷ್ಟರಲ್ಲಿ ಅದು ಹನ್ನೊಂದೂವರೆಗೆ ಇಳಿದಿರುತ್ತದೆ. ಆ ಹುಡುಗಿಯ ಮುಖದ ಕಡೆ ಚೆಂಡು ಗಂಟೆಗೆ 130 ಕಿ.ಮೀ. ವೇಗದಲ್ಲಿ ವಾಪಸು ಬಂದರೆ ಅವಳಿಗೆ ಸಿಗುವ ಸಮಯ 0.32 ಸೆಕೆಂಡು. ಕಣ್ಣು ನೋಡಿ, ಮಿದುಳು ತಿಳಿದು, ಸ್ನಾಯು ಅಲುಗಲು ಮನುಷ್ಯನಿಗೆ ಸುಮಾರು 0.2 ಸೆಕೆಂಡು ಬೇಕು. ಉಳಿದ 0.12ರಲ್ಲಿ ಗ್ಲೌಸು ಸೊಂಟದಿಂದ ಮುಖಕ್ಕೆ ಏರಬೇಕು. ಅಲ್ಲಿನ ಶಾಲಾ ಸಾಫ್ಟ್‌ಬಾಲ್‌ನಲ್ಲಿ ಬ್ಯಾಟ್ ಹಿಡಿದವರಿಗೆ ಜಾಲರಿ ಕಡ್ಡಾಯವಾಗಿದೆ. ಜಗಳ ಇರುವುದು ಪಿಚರ್ ಮತ್ತು ಹತ್ತಿರದ ಫೀಲ್ಡರುಗಳ ಬಗ್ಗೆ. ಬ್ಯಾಟಿನ ಹಿಂದೆ ಕೂರುವ ಕ್ಯಾಚರ್‌ನ ಬಗ್ಗೆ ಯಾರೂ ಜಗಳವಾಡುವುದಿಲ್ಲ. ಹಾರ್ವರ್ಡ್‌ನ ಫ್ರೆಡ್ ಥೇಯರ್ ಎಂಬಾತ ಕತ್ತಿವರಸೆಯ ಮುಖವಾಡ ನೋಡಿಕೊಂಡು ಬೇಸ್‌ಬಾಲ್ ಕ್ಯಾಚರ್‌ಗೆ ಜಾಲರಿ ಮಾಡಿಸಿದ್ದು 1877ರಲ್ಲಿ. ಮೊದಲ ಟೆಸ್ಟ್ ಪಂದ್ಯ ನಡೆದದ್ದೂ ಅದೇ ವರ್ಷ. ಕ್ರಿಕೆಟ್ಟಿಗರು ಟೆಸ್ಟ್‌ನಲ್ಲಿ ಹೆಲ್ಮೆಟ್ ಹಾಕಲು ಇನ್ನೂ 101 ವರ್ಷ ತೆಗೆದುಕೊಂಡರು: 1978, ಬಾರ್ಬಡೋಸ್, ಆಸ್ಟ್ರೇಲಿಯದ ಗ್ರಹಾಂ ಯಾಲಪ್.

ಆ 0.2 ಸೆಕೆಂಡನ್ನು ಮುಂಬೈಯ ಶಾರ್ಟ್ ಲೆಗ್‌ಗೆ ತಂದು ನೋಡಿ. ಬ್ಯಾಟಿನಿಂದ ಚೆಂಡು ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೊರಟಿತು ಎನ್ನಿ. ಪುಲ್ ಹೊಡೆತಕ್ಕೆ ಇದು ಹೆಚ್ಚೇನಲ್ಲ. 0.2 ಸೆಕೆಂಡಿನಲ್ಲಿ ಅದು ಐದೂವರೆ ಮೀಟರ್ ಹೋಗುತ್ತದೆ. ಅಂದರೆ ಬ್ಯಾಟಿನ ಸುತ್ತ ಐದೂವರೆ ಮೀಟರ್ ಒಳಗೆ ನಿಂತವನಿಗೆ ಚೆಂಡು ನೋಡಿ ತಪ್ಪಿಸಿಕೊಳ್ಳುವುದು ಎಂಬುದೇ ಇಲ್ಲ. ಎರಡು ಮೀಟರ್ ದೂರದಲ್ಲಿ ಕುಕ್ಕರಗಾಲಲ್ಲಿ ಕುಳಿತವನಿಗೆ ಸಿಗುವುದು 0.07 ಸೆಕೆಂಡು. ಕಣ್ಣು ಮಿಟುಕಿಸಲು ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಅಲ್ಲಿ ಕುಳಿತು ಏಕನಾಥ್ ಸೋಲ್ಕರ್ 27 ಟೆಸ್ಟ್‌ಗಳಲ್ಲಿ 53 ಕ್ಯಾಚು ಹಿಡಿದರು. ಹೆಲ್ಮೆಟ್ ಇಲ್ಲ, ಮೊಣಕಾಲಿನ ಪ್ಯಾಡೂ ಇಲ್ಲ. ಅಪ್ಪ ಮರೀನ್ ಡ್ರೈವ್‌ನ ಪಿ.ಜೆ. ಹಿಂದೂ ಜಿಮ್ಖಾನಾದಲ್ಲಿ ಮೈದಾನ ನೋಡಿಕೊಳ್ಳುತ್ತಿದ್ದವರು. ಮಗ ಅಲ್ಲೇ ಒಂದು ಕೋಣೆಯಲ್ಲಿ ಬೆಳೆದವನು. ನಮ್ಮ ಚಂದ್ರಶೇಖರ್ ಮತ್ತು ಪ್ರಸನ್ನ ವಿಕೆಟ್ ಪಟ್ಟಿಯಲ್ಲಿ ಮೇಲೇರಿದ್ದಕ್ಕೆ ಆ ಮನುಷ್ಯನ ಕೈಗಳೂ ಕಾರಣ. 0.07 ಸೆಕೆಂಡಿನಲ್ಲಿ ಅವರು ಚೆಂಡನ್ನು ನೋಡಿ ಹಿಡಿದದ್ದಲ್ಲ. ಬ್ಯಾಟು ಬರುವ ದಾರಿ, ದಾಂಡಿಗನ ಭುಜ, ಮುಂಗಾಲು ನೋಡಿ ಚೆಂಡು ಹುಟ್ಟುವ ಮುಂಚೆಯೇ ಅದರ ವಿಳಾಸ ತಿಳಿದುಕೊಂಡಿದ್ದು. ಅದು ಪ್ರತಿಭೆ. ಅದನ್ನು ನಿಯಮ ಮಾಡಲಾಗದು. ಊಹೆ ತಪ್ಪಿದ ಒಂದು ಸಲಕ್ಕೆ ಮುಖ ಬರಿದಾಗಿರುತ್ತದೆ.

ರಮಣ್ ಲಾಂಬಾ ಅವರದೂ ಅದೇ ಜಾಗ. 1998ರ ಫೆಬ್ರುವರಿ 20, ಢಾಕಾದ ಕ್ಲಬ್ ಪಂದ್ಯ. ಓವರಿನಲ್ಲಿ ಇನ್ನು ಮೂರೇ ಎಸೆತ ಬಾಕಿ. ಅಷ್ಟಕ್ಕೆ ಹೆಲ್ಮೆಟ್ ಯಾಕೆ ತರಿಸುವುದು ಎಂದು ಶಾರ್ಟ್ ಲೆಗ್‌ನಲ್ಲಿ ಬರಿತಲೆಯಲ್ಲೇ ನಿಂತರು. ಚೆಂಡು ಹಣೆಗೆ ಬಡಿದು ಎಷ್ಟು ಮೇಲೆ ಪುಟಿಯಿತೆಂದರೆ ವಿಕೆಟ್ ಕೀಪರ್ ಅದನ್ನು ಹಿಡಿದ, ದಾಂಡಿಗ ಔಟಾದ. ಲಾಂಬಾ ಮೂರು ದಿನದ ನಂತರ ತೀರಿಕೊಂಡರು. ವಯಸ್ಸು 38.

ಚೆಂಡಿನ ಪೆಟ್ಟಿನ ಅಳತೆ ಏನು? ಮುಂಬೈಯ ಒಳ್ಳೆಯ ಕ್ಲಬ್ ಬೌಲರ್ ಗಂಟೆಗೆ 120 ಕಿ.ಮೀ. ಎಸೆದರೆ 160 ಗ್ರಾಂ ಚೆಂಡಿನಲ್ಲಿ ಸುಮಾರು 89 ಜೂಲ್ ಶಕ್ತಿ ಇರುತ್ತದೆ. ಒಂದು ಸೆಂಟಿಮೀಟರ್ ಒಳಗೆ ಅದು ನಿಂತುಬಿಟ್ಟರೆ ಸರಾಸರಿ ಬಲ 8,900 ನ್ಯೂಟನ್, ಅಂದರೆ 900 ಕಿಲೋ ಭಾರ ಕ್ಷಣಮಾತ್ರ ಒತ್ತಿದಷ್ಟು. ಇದು ಸ್ಥೂಲ ಲೆಕ್ಕವೇ, ಅರ್ಧ ಕಡಿತ ಮಾಡಿಕೊಳ್ಳಿ ಬೇಕಾದರೆ. ಪ್ರಯೋಗಾಲಯದ ಅಳತೆಗಳಲ್ಲಿ ಮೂಗಿನ ಎಲುಬು 35ರಿಂದ 45 ಕಿಲೋ ಭಾರದಷ್ಟು ಬಲಕ್ಕೇ ಮುರಿಯುತ್ತದೆ. ಅರ್ಧ ಕಡಿತ ಮಾಡಿದರೂ ಹತ್ತು ಪಟ್ಟು ಹೆಚ್ಚು! ತಲೆಬುರುಡೆಯಲ್ಲಿ ಒಟ್ಟು 22 ಎಲುಬು. ಅದರಲ್ಲಿ 14 ಮುಖದವು. (ಪಿಚ್ಚಿನ ಉದ್ದ 22 ಗಜ, ಆಡುವವರು 22 ಮಂದಿ, ಆಜಾದ್ ಮೈದಾನದ ಪಿಚ್‌ಗಳು 22, ಬುರುಡೆಯ ಎಲುಬು 22. ಕಾಕತಾಳೀಯವೇ, ಆದರೂ ಒಮ್ಮೆ ತಲೆಗೆ ಹತ್ತಿದರೆ ಬಿಡುವುದಿಲ್ಲ.)

ಜಾಲರಿ ಮಾಡುವುದು ಇಷ್ಟೇ: ಆ ಬಲವನ್ನು ಮೂಗು, ಕೆನ್ನೆಗಳಿಗೆ ಬಿಡದೆ ಹೆಲ್ಮೆಟ್ಟಿನ ಚಿಪ್ಪಿಗೆ, ಅದರೊಳಗಿನ ಮೆತ್ತೆಗೆ ದಾಟಿಸುತ್ತದೆ. ಆದರೆ ಜಾಲರಿ ಇದ್ದರೆ ಸಾಲದು, ಸಂದು ಚೆಂಡಿಗಿಂತ ಕಿರಿದಾಗಿರಬೇಕು. ಚೆಂಡಿನ ಅಡ್ಡಳತೆ 7.2 ಸೆಂ.ಮೀ. ಹಳೆಯ ಹೆಲ್ಮೆಟ್‌ಗಳಲ್ಲಿ ಮೇಲಿನ ಅಂಚಿಗೂ ಜಾಲರಿಗೂ ನಡುವೆ ಚೆಂಡು ನುಗ್ಗುವಷ್ಟು ಜಾಗವಿರುತ್ತಿತ್ತು, ಇಲ್ಲವೇ ಪೆಟ್ಟು ಬಿದ್ದಾಗ ಸಂದು ಹಿಗ್ಗುತ್ತಿತ್ತು. 2014ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ನಮ್ಮ ವರುಣ್ ಆರನ್ ಎಸೆದ ಚೆಂಡು ಹಾಗೇ ನುಗ್ಗಿ ಸ್ಟುವರ್ಟ್ ಬ್ರಾಡ್ ಅವರ ಮೂಗು ಮುರಿಯಿತು. ಅದಕ್ಕೆ ಒಂದು ತಿಂಗಳು ಮುಂಚೆ ಕ್ರೇಗ್ ಕೀಸ್‌ವೆಟರ್ ಅವರ ಮುಖಕ್ಕೆ ಅದೇ ರೀತಿ ಬಿದ್ದ ಪೆಟ್ಟು ಕಣ್ಣಿನ ಗೂಡನ್ನೇ ಒಡೆಯಿತು. ಮರುವರ್ಷ, 27ನೇ ವಯಸ್ಸಿಗೆ, ಅವರು ಆಟ ಬಿಟ್ಟರು. ಬ್ರಿಟನ್ನಿನ 2013ರ ಹೆಲ್ಮೆಟ್ ಮಾನದಂಡ ಈ ನುಗ್ಗುವಿಕೆಯನ್ನು ಪರೀಕ್ಷಿಸುತ್ತದೆ. ಮೈದಾನದ ಕಿಟ್ ಬ್ಯಾಗುಗಳಲ್ಲಿ ಅಣ್ಣನಿಂದ ತಮ್ಮನಿಗೆ, ಹಳೇ ಹುಡುಗರಿಂದ ಹೊಸ ಹುಡುಗರಿಗೆ ದಾಟುತ್ತ ಬಂದ ಹೆಲ್ಮೆಟ್‌ಗಳ ಸಂದನ್ನು ಅಳೆಯುವವರು ಯಾರು? ಅಪ್ಪಂದಿರು ಒಂದು ಸೀಸನ್ ಬಾಲ್ ತೆಗೆದುಕೊಂಡು ಒತ್ತಿ ನೋಡಿದರೂ ಸಾಕು.

ಜಾಲರಿ ಬೇಡ ಎನ್ನುವವರು ಮುಂದಿಡುವ ಮೊದಲ ಹೆಸರು ಸುನಿಲ್ ಗಾವಸ್ಕರ್. 125 ಟೆಸ್ಟ್, 10,122 ರನ್, 34 ಶತಕ. ಅದರಲ್ಲಿ 13 ವೆಸ್ಟ್ ಇಂಡೀಸ್ ವಿರುದ್ಧ. ಕೊನೆಯ ವರ್ಷಗಳಲ್ಲಿ ಒಂದು ಪುಟ್ಟ ತಲೆಚಿಪ್ಪು ಬಿಟ್ಟರೆ ಏನೂ ಇಲ್ಲ. ನಿಜವೇ. ಆದರೆ ಅದೇ ಮುಂಬೈಯಲ್ಲಿ ನಾರಿ ಕಂಟ್ರಾಕ್ಟರ್ ಎಂಬ ಇನ್ನೊಬ್ಬ ಆರಂಭಿಕ ಆಟಗಾರರೂ ಇದ್ದರಲ್ಲ? 1962ರ ಮಾರ್ಚ್, ಬಾರ್ಬಡೋಸ್. ಭಾರತದ ನಾಯಕ, ವಯಸ್ಸು 28. ಚಾರ್ಲಿ ಗ್ರಿಫಿತ್ ಎಸೆತ ಕಿವಿಯ ಮೇಲೆ ಬಡಿದು ಬುರುಡೆ ಬಿರಿಯಿತು. ಆರು ದಿನ ಪ್ರಜ್ಞೆಯಿಲ್ಲ. ವೆಸ್ಟ್ ಇಂಡೀಸ್ ನಾಯಕ ಫ್ರಾಂಕ್ ವೊರೆಲ್ ರಕ್ತ ಕೊಟ್ಟರು. ತಲೆಯೊಳಗೆ ಲೋಹದ ತಗಡು ಕೂರಿಸಿದರು. ಅದನ್ನು ತೆಗೆದದ್ದು 2022ರಲ್ಲಿ, 60 ವರ್ಷದ ನಂತರ! ಅವರು ಮತ್ತೆ ಟೆಸ್ಟ್ ಆಡಲಿಲ್ಲ. ಗಾವಸ್ಕರ್ ಅದೇ ದ್ವೀಪಗಳಿಗೆ ಹೋದದ್ದು ಅದಾಗಿ ಒಂಬತ್ತು ವರ್ಷಕ್ಕೆ. ಬರಿತಲೆಯಲ್ಲಿ ಆಡಿ ಉಳಿದವರ ಪಟ್ಟಿಯಷ್ಟನ್ನೇ ಓದಿದರೆ ಬರಿತಲೆ ಸುರಕ್ಷಿತ ಎಂದೇ ಅನಿಸುತ್ತದೆ.

ಇನ್ನೊಂದು ತೊಂದರೆ ನಮ್ಮ ಪ್ರೀತಿಯದು. 1989ರ ಡಿಸೆಂಬರ್, ಸಿಯಾಲ್‌ಕೋಟ್: ಬಾಂದ್ರಾದ 16 ವರ್ಷದ ಹುಡುಗನ ಮೂಗಿಗೆ ವಕಾರ್ ಯೂನಿಸ್ ಚೆಂಡು ಬಡಿಯಿತು. ಹೆಲ್ಮೆಟ್ ಇತ್ತು, ಜಾಲರಿ ಇರಲಿಲ್ಲ. ರಕ್ತ ಸುರಿಯುತ್ತಿದ್ದರೂ ಸಚಿನ್ ಹೋಗಲಿಲ್ಲ, 57 ಹೊಡೆದರು. 2002ರ ಮೇ, ಆಂಟಿಗುವಾ: ಮರ್ವಿನ್ ಡಿಲನ್ ಎಸೆತಕ್ಕೆ ದವಡೆ ಮುರಿದ ಅನಿಲ್ ಕುಂಬ್ಳೆ ಮುಖಕ್ಕೆ ಬ್ಯಾಂಡೇಜು ಸುತ್ತಿಕೊಂಡು ಬಂದು 14 ಓವರ್ ಎಸೆದು ಲಾರಾ ಅವರನ್ನು ಎಲ್‌ಬಿಡಬ್ಲ್ಯು ಮಾಡಿದರು. ಆ ಚಿತ್ರ ಕಂಡು ಎದೆ ಉಬ್ಬದ ಕನ್ನಡಿಗನಿಲ್ಲ, ನನ್ನದೂ ಉಬ್ಬಿತ್ತು. ಆದರೆ 1976ರ ಜಮೈಕಾ ಟೆಸ್ಟ್‌ನಲ್ಲಿ ಕಿವಿಗೆ ಪೆಟ್ಟು ತಿಂದ ಗಾಯಕ್‌ವಾಡ್, ಬೆರಳು ಮುರಿದುಕೊಂಡ ನಮ್ಮ ವಿಶ್ವನಾಥ್, ಬಾಯಿಗೆ ಹೊಲಿಗೆ ಹಾಕಿಸಿಕೊಂಡ ನಮ್ಮ ಬ್ರಿಜೇಶ್ ಪಟೇಲ್ ಅವರ ಕಥೆಯನ್ನು ಯಾರೂ ಅಷ್ಟು ಸಡಗರದಿಂದ ಹೇಳುವುದಿಲ್ಲ. ಎರಡನೇ ಇನಿಂಗ್ಸ್‌ನಲ್ಲಿ ಭಾರತದ ಮೊತ್ತ 97, ಗಾಯದಿಂದ ಆಡದೆ ಉಳಿದವರು ಐದು ಮಂದಿ. ಅದು ಶೌರ್ಯವಾಗಿ ಕಾಣಿಸದೆ ಬರೀ ಪೆಟ್ಟಾಗಿ ಕಾಣಿಸುತ್ತದೆ, ಪೆಟ್ಟು ಎಂದರೆ ಸಾಮಾನ್ಯವಾಗಿ ಅಷ್ಟೇ.

ಮುಂಬೈಯಲ್ಲಿ ಮಳೆಯ ಮಾತೂ ಸೇರಿಕೊಳ್ಳುತ್ತದೆ. ಡಾ. ಎಚ್.ಡಿ. ಕಾಂಗಾ ಹೆಸರಿನ ಲೀಗ್ 1948ರಲ್ಲಿ ಶುರುವಾದದ್ದೇ ಮಳೆಗಾಲಕ್ಕೆಂದು. ಪಿಚ್ಚಿಗೆ ಹೊದಿಕೆ ಇಲ್ಲ, ಹುಲ್ಲು ಮೊಣಕಾಲಿಗೆ ಬರುತ್ತದೆ. ಒದ್ದೆ ಪಿಚ್ಚಿನಲ್ಲಿ ಒಂದೇ ಜಾಗಕ್ಕೆ ಬಿದ್ದ ಎರಡು ಚೆಂಡುಗಳಲ್ಲಿ ಒಂದು ಪಾದಕ್ಕೆ, ಇನ್ನೊಂದು ಗದ್ದಕ್ಕೆ. ಮುಂಬೈ ದಾಂಡಿಗರ ಗಟ್ಟಿತನಕ್ಕೆ ಈ ಲೀಗೇ ಕಾರಣ ಎಂದು ಹಿರಿಯರು ಹೇಳುತ್ತಾರೆ. ಜಾಲರಿಯ ಮರೆಯಲ್ಲಿ ಕಲಿತರೆ ಆ ಗಟ್ಟಿತನ ಬಾರದೇ? ಒಂದು ಸರಳು ಕೆಲವೇ ಮಿಲಿಮೀಟರ್ ದಪ್ಪ; ಎರಡು ಕಣ್ಣುಗಳ ನಡುವಿನ ದೂರ ಆರು ಸೆಂಟಿಮೀಟರಿಗೂ ಹೆಚ್ಚು. ಒಂದು ಕಣ್ಣಿಗೆ ಮರೆಯಾದದ್ದು ಇನ್ನೊಂದಕ್ಕೆ ಕಾಣುತ್ತದೆ. ಸೆಖೆ, ಬೆವರು ಎಂಬ ದೂರು ಮಾತ್ರ ನಿಜ. ಅಕ್ಟೋಬರ್‌ನಲ್ಲಿ ಆ ಹೆಲ್ಮೆಟ್ಟಿನೊಳಗೆ ಎರಡು ಗಂಟೆ ಇದ್ದವನನ್ನೇ ಕೇಳಬೇಕು.

ಈಗ ಮಕ್ಕಳ ಕಡೆ ಬರೋಣ. 2016ರ ಜನವರಿ, ಕಲ್ಯಾಣ್. 15 ವರ್ಷದ ಪ್ರಣವ್ ಧನಾವಡೆ 327 ಎಸೆತಗಳಲ್ಲಿ ಔಟಾಗದೆ 1,009. ಜಗತ್ತೇ ಆ ಅಂಕಿಯನ್ನು ಓದಿತು. ಅದರೊಳಗೆ 129 ಬೌಂಡರಿ, 59 ಸಿಕ್ಸರ್, ಒಟ್ಟು 188. ಒಂದು ಕಡೆಯ ಗೆರೆ 30 ಗಜದಷ್ಟು ಹತ್ತಿರ. ಎದುರು ತಂಡದ ಮುಖ್ಯ ಆಟಗಾರರು ಬಂದಿರಲಿಲ್ಲ, ನಿಂತವರಲ್ಲಿ ಬಹಳ ಮಂದಿ ಚಿಕ್ಕ ಹುಡುಗರು. ಒಂದೇ ಬ್ಯಾಟಿನಿಂದ 188 ಸಲ ಗಟ್ಟಿ ಚೆಂಡು ಆ ಹುಡುಗರನ್ನು ದಾಟಿ ಹೋಯಿತು. ತಂಡದ ಮೊತ್ತ 3 ವಿಕೆಟ್‌ಗೆ 1,465. ಧನಾವಡೆಗೆ ಹೆಲ್ಮೆಟ್ ಇತ್ತು. ಸ್ಕೋರ್‌ಬೋರ್ಡಿನಲ್ಲಿ ಫೀಲ್ಡರ್‌ಗಳಿಗೆ ಕ್ಯಾಚಿನ ಹೊರತು ಯಾವ ಅಂಕಣವೂ ಇಲ್ಲವಾದ್ದರಿಂದ ಅವರ ಕಥೆ ಅಲ್ಲಿಗೇ ಮುಗಿಯಿತು.

ಅಂತರರಾಷ್ಟ್ರೀಯ ಆಟದಲ್ಲಿ ಐಸಿಸಿ 2023ರ ಜೂನ್ 1ರಿಂದ ಮೂರು ಸಂದರ್ಭಗಳಿಗೆ ಹೆಲ್ಮೆಟ್ ಕಡ್ಡಾಯ ಮಾಡಿದೆ: ವೇಗದ ಬೌಲರ್ ಎದುರಿಸುವ ದಾಂಡಿಗ, ಸ್ಟಂಪಿನ ಹತ್ತಿರ ನಿಂತ ಕೀಪರ್, ದಾಂಡಿಗನ ಮುಂದೆ ಹತ್ತಿರದಲ್ಲಿ ನಿಂತ ಫೀಲ್ಡರ್. ಕೀಪರ್‌ಗೆ ಯಾಕೆ ಎಂದು ಕೇಳುವವರಿಗೆ ಸಬಾ ಕರೀಂ ಉತ್ತರ. 2000ನೇ ಇಸವಿ, ಢಾಕಾ, ಬೌಲರ್ ಕುಂಬ್ಳೆ. ಲೆಗ್‌ಸ್ಪಿನ್ನರ್ ಎಸೆತ ಬಲಗಣ್ಣಿಗೆ ಬಿತ್ತು, ಕರೀಂ ಅವರ ಆಟದ ಬದುಕನ್ನು ಅದೇ ಮುಗಿಸಿತು. ಹೆಲ್ಮೆಟ್ ಇದ್ದರೂ ತಲೆಗೆ ಏಟು ತಗಲುವುದಿಲ್ಲವೆಂದೇನಿಲ್ಲ: 2020ರ ಜನವರಿ 14ರಂದು ವಾಂಖೆಡೆಯಲ್ಲಿ ಕಮಿನ್ಸ್ ಬೌನ್ಸರ್ ರಿಷಭ್ ಪಂತ್ ಹೆಲ್ಮೆಟ್ಟಿಗೆ ಬಡಿದು ತಲೆ ಮರಗಟ್ಟಿತು, ನಮ್ಮ ಕೆ.ಎಲ್. ರಾಹುಲ್ ಗ್ಲೌಸು ತೊಟ್ಟು ಕೀಪರ್ ಆದರು. ಪಂತ್ ಹೊರಗೆ ಕುಳಿತರು, ಅಷ್ಟೇ. ಜಾಲರಿಯ ಕೆಲಸ ಅಷ್ಟೇ ಆಗಿರಬೇಕು.

ಇಲ್ಲಿಗೆ ವಾದ ಮುಗಿಯಿತು ಎನ್ನಬಹುದಿತ್ತು, ಊರು ಮುಂಬೈ ಆಗಿರದಿದ್ದರೆ.

ಮುಂಬೈ ಕನ್ನಡಿಗರಿಗೆ ಮಾಟುಂಗಾ ಎಂದರೆ 1926ರಿಂದ ಇರುವ ಮೈಸೂರು ಅಸೋಸಿಯೇಷನ್, ನಾಟಕ, ಬಿಸಿ ಇಡ್ಲಿ. ಅದೇ ಮಾಟುಂಗಾದ ದಡ್ಕರ್ ಮೈದಾನದಲ್ಲಿ 2024ರ ಜನವರಿಯಲ್ಲಿ 50 ದಾಟಿದವರ ಟಿ-20 ಪಂದ್ಯಾವಳಿ ನಡೆಯುತ್ತಿತ್ತು. ಒಂದೇ ಅಂಗಳದಲ್ಲಿ ಏಕಕಾಲಕ್ಕೆ ಎರಡು ಪಂದ್ಯ. ಫೀಲ್ಡ್ ಮಾಡುತ್ತಿದ್ದ ಒಬ್ಬರು ತಮ್ಮ ಪಂದ್ಯದ ಕಡೆ ಮುಖ ಮಾಡಿ ನಿಂತಿದ್ದರು. ಪಕ್ಕದ ಪಂದ್ಯದ ಚೆಂಡು ಹಿಂದಿನಿಂದ ಬಂದು ಕಿವಿಯ ಹಿಂಭಾಗಕ್ಕೆ ಬಡಿಯಿತು. ಅವರು ಉಳಿಯಲಿಲ್ಲ. ಜಗತ್ತಿನ ಅತ್ಯುತ್ತಮ ಜಾಲರಿ ಅವರ ಮುಖದ ಮೇಲಿದ್ದಿದ್ದರೂ ಆ ಚೆಂಡನ್ನು ತಡೆಯುತ್ತಿರಲಿಲ್ಲ. 2016ರ ಡಿಸೆಂಬರ್ 8ರಂದು ವಾಂಖೆಡೆಯಲ್ಲಿ ಅಂಪೈರ್ ಪಾಲ್ ರೈಫಲ್ ಅವರಿಗೆ ಆದದ್ದೂ ಇದೇ: ದೂರದಿಂದ ಭುವನೇಶ್ವರ್ ಎಸೆದ ಚೆಂಡು ತಲೆಯ ಹಿಂಭಾಗಕ್ಕೆ. ಅವರು ಬದುಕಿಕೊಂಡರು, ಪಂದ್ಯ ಮುಂದುವರಿಸಲಾಗಲಿಲ್ಲ.

ಹಾಗಾಗಿ ಆಜಾದ್ ಮೈದಾನಕ್ಕೆ ಇನ್ನೊಮ್ಮೆ ಲೆಕ್ಕ ಹಿಡಿಯಬೇಕಾಗುತ್ತದೆ. ಒಂದು ಪಂದ್ಯದಲ್ಲಿ ಯಾವ ಕ್ಷಣದಲ್ಲೂ ಅಂಗಳದಲ್ಲಿರುವವರು 15: ಹನ್ನೊಂದು ಫೀಲ್ಡರ್, ಇಬ್ಬರು ದಾಂಡಿಗರು, ಇಬ್ಬರು ಅಂಪೈರ್. 22 ಪಂದ್ಯಕ್ಕೆ 330 ಮಂದಿ. ಇವರಲ್ಲಿ ದಾಂಡಿಗರು, ಕೀಪರ್, ಒಬ್ಬ ಶಾರ್ಟ್ ಲೆಗ್ ಎಂದು ಪಂದ್ಯಕ್ಕೆ ನಾಲ್ವರಿಗೆ ಜಾಲರಿ ಹಾಕಿಸಿದರೆ 88. ಈ 88ರ ಬಗ್ಗೆ ನನಗೆ ಅನುಮಾನವೇ ಇಲ್ಲ. ಕಡ್ಡಾಯ ಮಾಡಿ, ಹಾಕದವನನ್ನು ಅಂಪೈರ್ ಹೊರಗೆ ಕಳಿಸಲಿ. ಶಾಲಾ ಪಂದ್ಯವಾದರೆ ಹತ್ತಿರದ ಎಲ್ಲ ಫೀಲ್ಡರ್‌ಗಳಿಗೂ ಹಾಕಿಸಿ.

ಉಳಿದ 242 ಮಂದಿಗೆ? ದಡ್ಕರ್‌ನಲ್ಲಿ ಬಿದ್ದವರು ಈ 242ರ ಪೈಕಿಯವರು. ಅವರಿಗೆ ಬೇಕಾದದ್ದು ಜಾಗ, ಮುಂಬೈಯಲ್ಲಿ ಇಲ್ಲದ್ದೂ ಅದೇ. 2011ರ ಜನಗಣತಿಯ ಪ್ರಕಾರ 603 ಚದರ ಕಿ.ಮೀ.ಯಲ್ಲಿ 1 ಕೋಟಿ 24 ಲಕ್ಷ ಜನ. ತಲೆಗೆ 48 ಚದರ ಮೀಟರ್. ಅದರಲ್ಲೇ ಮನೆ, ರಸ್ತೆ, ರೈಲು, ಕಾಡು, ಕೆರೆ. ಒಂದು ಕ್ರಿಕೆಟ್ ಅಂಗಳದಷ್ಟು ನೆಲ ಈ ಊರಿನ ಲೆಕ್ಕದಲ್ಲಿ 230 ಜನರ ಪಾಲು. ಇಲ್ಲಿ ಹೊಸ ಮೈದಾನ ಕೇಳುವುದಕ್ಕೂ ಸಂಕೋಚವಾಗುತ್ತದೆ.

25 ಎಕರೆಯಲ್ಲಿ ಒಂದರ ಮೇಲೊಂದು ಬೀಳದಂತೆ ವೃತ್ತ ಎಳೆದರೆ ಹಿಡಿಸುವುದು ಹೆಚ್ಚೆಂದರೆ ಎಂಟು. 22ರಿಂದ ಎಂಟಕ್ಕೆ ಇಳಿಸಿದರೆ ಪ್ರತಿ ಭಾನುವಾರ 14 ಪಂದ್ಯ, ಅಂದರೆ 308 ಆಟಗಾರರು ಮನೆಯಲ್ಲಿ. ಈ ಊರಿನ ಕ್ರಿಕೆಟ್ ಹುಟ್ಟಿದ್ದೇ ಆ ಇಕ್ಕಟ್ಟಿನಲ್ಲಿ. 1988ರಲ್ಲಿ ಸಚಿನ್ ಮತ್ತು ಕಾಂಬ್ಳಿ 664 ರನ್ ಜೊತೆಯಾಟ ಆಡಿದ್ದೂ ಇದೇ ಆಜಾದ್ ಮೈದಾನದಲ್ಲಿ. ಅದನ್ನು ಮುಚ್ಚಿ ಎನ್ನಲು ನನ್ನಿಂದಾಗದು. ಆದರೆ 22 ಪಿಚ್ಚೂ ಒಟ್ಟಿಗೇ ಓಡಬೇಕೆಂದು ಯಾರು ಹೇಳಿದರು? ಬೆಳಿಗ್ಗೆ ಏಳಕ್ಕೆ ಒಂದು ಬಿಟ್ಟು ಒಂದರಂತೆ ಹನ್ನೊಂದು, ಮಧ್ಯಾಹ್ನ ಹನ್ನೆರಡೂವರೆಗೆ ಉಳಿದ ಹನ್ನೊಂದು, ಎಲ್ಲವೂ ನಲವತ್ತು ಓವರಿನ ಬದಲು ಇಪ್ಪತ್ತೈದರದು. ಆಗ ಬೇಕಾಗುವ ನೆಲ 60 ಎಕರೆಯಿಂದ 30ಕ್ಕೆ ಬರುತ್ತದೆ. ಇನ್ನೂ ಐದು ಎಕರೆ ಕಮ್ಮಿಯೇ. ಆ ಐದು ಎಕರೆಗೆ ಬೌಂಡರಿಯನ್ನು ಐದಾರು ಗಜ ಒಳಗೆ ಎಳೆದುಕೊಂಡರಾಯಿತು. ಸಿಕ್ಸರ್‌ಗಳು ಹೆಚ್ಚುತ್ತವೆ, ಬೌಲರ್‌ಗಳು ಗೊಣಗುತ್ತಾರೆ.